ಅಂಕಿಯಲ್ಲಿ ಬರೆಯಬೇಕೋ, ಅಕ್ಷರದಲ್ಲೋ? ಕನ್ನಡ ಬರವಣಿಗೆಯಲ್ಲಿ ಸಂಖ್ಯೆಗಳಿಗೊಂದು ಸಮಗ್ರ ಮಾರ್ಗದರ್ಶಿ

“ನೂರೆಂಟು ಕೆಲಸ ಬಿಟ್ಟು ಬಂದೀನಿ” ಎಂಬ ಮಾತನ್ನು ಯಾರೂ “108 ಕೆಲಸ ಬಿಟ್ಟು ಬಂದೀನಿ” ಎಂದು ಬರೆಯುವುದಿಲ್ಲ. “108ಕ್ಕೆ ಫೋನ್ ಹಚ್ಚು” ಎಂಬುದನ್ನು “ನೂರೆಂಟಕ್ಕೆ ಫೋನ್ ಹಚ್ಚು” ಎಂದೂ ಬರೆಯುವುದಿಲ್ಲ. ಸಂಖ್ಯೆ ಒಂದೇ. ಮೊದಲನೆಯದರಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ, ಬಹಳ ಕೆಲಸ ಎಂದಷ್ಟೇ ಅರ್ಥ. ಎರಡನೆಯದರಲ್ಲಿ ಮೂರು ಗುಂಡಿ ಒತ್ತಬೇಕು, ಒಂದು ತಪ್ಪಿದರೂ ಆಂಬುಲೆನ್ಸ್ ಬರುವುದಿಲ್ಲ.

ಅಂಕಿಯೋ ಅಕ್ಷರವೋ ಎಂಬ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ಓದುವವರು ಆ ಸಂಖ್ಯೆಯನ್ನು ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಲೆಕ್ಕ ಹಾಕುತ್ತಾರೆ, ಹೋಲಿಸುತ್ತಾರೆ, ಹುಡುಕುತ್ತಾರೆ, ಬರೆದಿಟ್ಟುಕೊಳ್ಳುತ್ತಾರೆ ಎಂದಾದರೆ ಅಂಕಿ. ಮಾತಿನ ಓಟದಲ್ಲಿ ಕೇಳಿಸಿಕೊಂಡು ಮುಂದೆ ಹೋಗುತ್ತಾರೆ ಎಂದಾದರೆ ಅಕ್ಷರ.

ವಿಜಯಪುರದಲ್ಲಿ ಪ್ರೂಫ್ ನೋಡುವ ಕೆಲಸ ನನ್ನದು. ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ಮದುವೆಯ ಆಮಂತ್ರಣ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಕಾಗುಣಿತ ಸರಿ ಇರುವ ಬರಹಗಳಲ್ಲೂ ಸಂಖ್ಯೆಗಳು ಮಾತ್ರ ಮನಬಂದಂತೆ ಇರುತ್ತವೆ. ಇದು ಸರಿಹೋಗಲೇಬೇಕು ಎಂಬ ಕಳಕಳಿಯಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಗಡಿ ಗೊತ್ತುಮಾಡಿಕೊಳ್ಳಿ

ಸಾಮಾನ್ಯ ಗದ್ಯದಲ್ಲಿ ಎಲ್ಲಿಯವರೆಗೆ ಅಕ್ಷರ, ಎಲ್ಲಿಂದ ಅಂಕಿ ಎಂಬುದನ್ನು ಬರೆಯಲು ಕೂರುವ ಮೊದಲೇ ನಿರ್ಧರಿಸಿ. ಇಂಗ್ಲಿಷಿನಲ್ಲೂ ಇದಕ್ಕೆ ಒಂದೇ ನಿಯಮ ಇಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಕೈಪಿಡಿ ಒಂಬತ್ತರವರೆಗೆ ಅಕ್ಷರ, 10ರಿಂದ ಅಂಕಿ ಎನ್ನುತ್ತದೆ. ಪುಸ್ತಕ ಪ್ರಕಾಶಕರು ಹೆಚ್ಚು ಬಳಸುವ ಶಿಕಾಗೋ ಕೈಪಿಡಿ ನೂರರವರೆಗೂ ಅಕ್ಷರವನ್ನೇ ಬಯಸುತ್ತದೆ. ಕನ್ನಡ ಪತ್ರಿಕೆಗಳೂ ಒಂದೊಂದು ಒಂದೊಂದು ರೀತಿ.

ನನ್ನ ಸಲಹೆ ಇದು: ಹತ್ತರವರೆಗೆ ಅಕ್ಷರ, 11ರಿಂದ ಅಂಕಿ. ಒಂದರಿಂದ ಹತ್ತರವರೆಗಿನ ಹೆಸರುಗಳು ಚಿಕ್ಕವು, ಕಣ್ಣಿಗೆ ಭಾರವಾಗುವುದಿಲ್ಲ. ಇಪ್ಪತ್ತು ದಾಟಿದ ಮೇಲೆ ‘ಅರವತ್ತೇಳು’, ‘ಎಪ್ಪತ್ತೊಂಬತ್ತು’ ಎಂದು ಉದ್ದವಾಗುತ್ತ ಹೋಗುತ್ತವೆ, ಬೇಗ ಓದುವಾಗ ಒಂದಕ್ಕೊಂದು ಕಲಸಿಹೋಗುತ್ತವೆ. ಇಪ್ಪತ್ತು, ಐವತ್ತು, ನೂರು, ಸಾವಿರದಂಥ ದುಂಡು ಸಂಖ್ಯೆಗಳು ಅಂದಾಜಿಗಾಗಿ ಬಂದಾಗ ಅಕ್ಷರದಲ್ಲೇ ಇರಲಿ. ಕತೆ, ಪ್ರಬಂಧ, ವ್ಯಕ್ತಿಚಿತ್ರ ಬರೆಯುವವರು ಗಡಿಯನ್ನು ನೂರಕ್ಕೆ ಒಯ್ದರೂ ತಪ್ಪಿಲ್ಲ. ಮೊದಲ ಪುಟದಲ್ಲಿ ಒಂದು ಗಡಿ, ಎಂಟನೇ ಪುಟದಲ್ಲಿ ಇನ್ನೊಂದು ಆಗಬಾರದು, ಅಷ್ಟೇ.

ಮಂದಿಯನ್ನು ಎಣಿಸುವಾಗ

ಇಂಗ್ಲಿಷ್ ನಿಯಮ ಕನ್ನಡಕ್ಕೆ ಸಾಲದೇ ಹೋಗುವ ಜಾಗ ಇದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಕನ್ನಡದಲ್ಲಿ ಮನುಷ್ಯರನ್ನು ಎಣಿಸುವ ರೀತಿಯೇ ಬೇರೆ: ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು. ‘2 ಮಕ್ಕಳು’ ಎಂದು ಅಚ್ಚಾದರೆ ಓದುವ ಬಾಯಿಗೆ ‘ಎರಡು ಮಕ್ಕಳು’ ಎಂದೇ ಬರುತ್ತದೆ. ‘1 ಮಹಿಳೆ’ ಎಂದರೆ ‘ಒಂದು ಮಹಿಳೆ’ ಆಗುತ್ತದೆ. ವ್ಯಕ್ತಿಯನ್ನು ವಸ್ತುವಿನ ಸಾಲಿಗೆ ನೂಕಿದಂತೆ ಅದು. ಅಪಘಾತದ ವರದಿಯಲ್ಲಿ ‘3 ಕಾರ್ಮಿಕರ ಸಾವು’ ಎಂದು ಬರೆಯುವ ಬದಲು ‘ಮೂವರು ಕಾರ್ಮಿಕರ ಸಾವು’ ಎಂದು ಬರೆಯಿರಿ. ತಲೆಬರಹದಲ್ಲಿ ಒಂದೆರಡು ಅಕ್ಷರ ಹೆಚ್ಚಾಗಬಹುದು. ಸತ್ತವರಿಗೆ ಅಷ್ಟು ಜಾಗ ಕೊಡಬೇಕು.

ಐವರು ದಾಟಿದ ಮೇಲೆ ಈ ರೂಪ ಬಳಕೆಯಲ್ಲಿ ಅಪರೂಪ. ಆರರಿಂದ ‘ಮಂದಿ’ ಅಥವಾ ‘ಜನ’ ಸೇರಿಸಿ: ಆರು ಮಂದಿ, ಎಂಟು ಜನ, 43 ಮಂದಿ.

ಒಂದೇ ವಾಕ್ಯದಲ್ಲಿ ಮೂವರು, 43 ಎರಡೂ ಬಂದರೆ? ಕನ್ನಡದ ವಾಕ್ಯವೇ ದಾರಿ ಕೊಡುತ್ತದೆ. ಸಂಖ್ಯೆಯನ್ನು ಹೆಸರು ಬಂದ ಮೇಲೆ ಇಡಿ: ‘ಸಭೆಗೆ ಬಂದವರಲ್ಲಿ ಪುರುಷರು 43, ಮಹಿಳೆಯರು 3.’ ಹೀಗೆ ಬರೆದಾಗ ಅಂಕಿ ಸಹಜವಾಗಿ ಕೂರುತ್ತದೆ, ಹೋಲಿಸಲೂ ಸುಲಭ. ಆದರೆ ‘2ಬ್ಬರು’, ‘3ವರು’ ಎಂಬ ರೂಪಗಳನ್ನು ಅವಸರದ ಮೆಸೇಜಿನಲ್ಲೂ ಬರೆಯಬೇಡಿ.

ಅಕ್ಷರದಲ್ಲೇ ಇರಬೇಕಾದವು

ನುಡಿಗಟ್ಟುಗಳನ್ನು ಮುಟ್ಟಬೇಡಿ. ಎರಡು ಮಾತಿಲ್ಲ, ನಾಲ್ಕು ಮಂದಿ ಏನಂತಾರ, ಹತ್ತು ಹಲವು, ಆರಕ್ಕೇರದ ಮೂರಕ್ಕಿಳಿಯದ ಬದುಕು. ಇಲ್ಲಿ ಅಂಕಿ ಹಾಕಿದರೆ ಮಾತು ಸತ್ತೇಹೋಗುತ್ತದೆ.

ಅಂದಾಜುಗಳೂ ಹಾಗೆಯೇ. ‘5-6 ಸಾವಿರ ಜನ’ ಎಂದರೆ ಯಾರೋ ಎಣಿಸಿದಂತೆ ಕಾಣುತ್ತದೆ, ‘ಐದಾರು ಸಾವಿರ ಜನ’ ಎಂದರೆ ಅಂದಾಜು ಎಂಬುದು ತಾನಾಗಿ ತಿಳಿಯುತ್ತದೆ. ಒಂದೆರಡು, ನಾಲ್ಕಾರು, ಹತ್ತಿಪ್ಪತ್ತು, ನೂರಾರು, ಸಾವಿರಾರು: ಅಂದಾಜಿಗೆ ಇಷ್ಟು ಚೆಂದದ ಶಬ್ದಗಳನ್ನು ನಮ್ಮ ಭಾಷೆ ಇಟ್ಟುಕೊಂಡಿರುವಾಗ ಅಂಕಿಗಳ ನಡುವೆ ಅಡ್ಡಗೆರೆ ಎಳೆಯುವುದು ಬೇಡ. ‘ಸುಮಾರು 4,987’ ಎಂದಂತೂ ಬರೆಯಬಾರದು. ಕೊನೆಯ ಅಂಕಿಯವರೆಗೆ ಗೊತ್ತಿದ್ದರೆ ‘ಸುಮಾರು’ ತೆಗೆಯಿರಿ, ಗೊತ್ತಿಲ್ಲದಿದ್ದರೆ ‘ಸುಮಾರು ಐದು ಸಾವಿರ’ ಎನ್ನಿ.

ಹೆಸರಿನ ಭಾಗವಾದ ಸಂಖ್ಯೆಗಳು ಮೂರನೆಯ ಗುಂಪು. ಸವದತ್ತಿಯ ದೇವಿ ಏಳುಕೊಳ್ಳದ ಎಲ್ಲಮ್ಮ, ‘7 ಕೊಳ್ಳದ ಎಲ್ಲಮ್ಮ’ ಎಂದೂ ಆಗಲಾರಳು. ನಮ್ಮೂರಿನ ಸ್ಮಾರಕಗಳಾದ ಬಾರಾ ಕಮಾನ್ (ಹನ್ನೆರಡು ಕಮಾನು), ಸಾಠ್ ಕಬರ್ (ಅರವತ್ತು ಗೋರಿ) ಕೂಡ ಹಾಗೆಯೇ. ಅರಸರ ಹೆಸರುಗಳಿಗೆ ಕನ್ನಡದಲ್ಲಿ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಗಟ್ಟಿ ಶಬ್ದಗಳಿವೆ. ಬಾದಾಮಿಯ ಬಗ್ಗೆ ಬರೆಯುವಾಗ ‘2ನೇ ಪುಲಿಕೇಶಿ’ ಎಂದು ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇಮ್ಮಡಿ ಪುಲಿಕೇಶಿ ಎನ್ನಿ.

ಸಮಾಸವಾಗಿ ಬೆಸೆದುಕೊಂಡದ್ದನ್ನೂ ಒಡೆಯಬೇಡಿ. ಗೋಳಗುಮ್ಮಟದ ನಾಲ್ಕು ಮೂಲೆಗೆ ಇರುವುದು ಏಳಂತಸ್ತಿನ ಮಿನಾರುಗಳು. ‘7ಅಂತಸ್ತಿನ’ ಎಂದರೆ ಸಂಧಿಯೂ ಕೆಟ್ಟಿತು, ನೋಟವೂ ಕೆಟ್ಟಿತು.

ಅಂಕಿಯಲ್ಲೇ ಇರಬೇಕಾದವು

ತಾರೀಖು, ಇಸವಿ, ಗಡಿಯಾರದ ಹೊತ್ತು, ಹಣ, ಅಳತೆ, ತೂಕ, ಶೇಕಡಾವಾರು, ಪುಟ, ಸರ್ವೆ ನಂಬರ್, ಕಾಯ್ದೆಯ ಕಲಂ, ಪಿನ್‌ಕೋಡ್, ಫೋನ್, ವಾಹನದ ನೋಂದಣಿ. ಇವೆಲ್ಲ ಹತ್ತಕ್ಕಿಂತ ಚಿಕ್ಕವಾದರೂ ಅಂಕಿಯಲ್ಲೇ ಇರಲಿ: 5 ಕೆ.ಜಿ., ಶೇ 3, ಪುಟ 7.

ಆಲಮಟ್ಟಿ ಜಲಾಶಯವನ್ನೇ ತೆಗೆದುಕೊಳ್ಳಿ. ಅದರ ಈಗಿನ ಗರಿಷ್ಠ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ವಿಷಯ ದಶಕಗಳಿಂದ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮಾತುಕತೆಯಲ್ಲಿದೆ. ಈ ಎರಡು ಅಂಕಿಗಳ ನಡುವಿನ ಐದು ಮೀಟರಿಗೂ ಕಡಿಮೆ ಅಂತರದಲ್ಲಿ ಎಷ್ಟೋ ಊರು, ಎಷ್ಟೋ ಹೊಲ ಮುಳುಗುವ ಪ್ರಶ್ನೆ ಇದೆ. ಇಂಥ ಸಂಖ್ಯೆಯನ್ನು ‘ಐನೂರ ಹತ್ತೊಂಬತ್ತೂವರೆ’ ಎಂದು ಸವರಿ ಬರೆದರೆ ಓದುಗರಿಗೆ ಅನ್ಯಾಯ. ಮೂಲದಲ್ಲಿ 519.60 ಎಂದಿದ್ದರೆ ಕೊನೆಯ ಸೊನ್ನೆಯನ್ನೂ ಉಳಿಸಿ. ಅಳತೆ ಎಷ್ಟು ಸೂಕ್ಷ್ಮವಾಗಿ ಆಗಿದೆ ಎಂದು ಆ ಸೊನ್ನೆ ಹೇಳುತ್ತದೆ.

ಒಂದೇ ಪ್ಯಾರಾದಲ್ಲಿ ಎರಡೂ ಬಗೆ ಬರಬಹುದು, ಅದು ಗೊಂದಲವೇನಲ್ಲ. ‘ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸ. ಒಳಗಿನ ಗ್ಯಾಲರಿಯಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ.’ ಮೊದಲನೆಯದು ಅಳತೆ, ಎರಡನೆಯದು ಜನ ಹೇಳುವ ಮಾತು.

ತಾರೀಖಿಗೆ ಕನ್ನಡದ ಸಹಜ ಕ್ರಮ ಇಸವಿ, ತಿಂಗಳು, ದಿನ: ‘2014ರ ನವೆಂಬರ್ 1ರಂದು ವಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು.’ ಕರಪತ್ರದಲ್ಲಿ 1-11-2014 ಸಾಕು. ಹೊತ್ತಿಗೆ ‘ಬೆಳಿಗ್ಗೆ 10.30ಕ್ಕೆ’ ಎನ್ನಿ, ಕತೆಯಲ್ಲಿ ‘ಹತ್ತೂವರೆಗೆ’. ‘ಶನಿವಾರ ರಾತ್ರಿ 12ಕ್ಕೆ’ ಎಂದು ಆಮಂತ್ರಣದಲ್ಲಿ ಹಾಕಿದರೆ ಶುಕ್ರವಾರ ಕಳೆದ ರಾತ್ರಿಯೋ ಶನಿವಾರ ಕಳೆದ ರಾತ್ರಿಯೋ ಎಂದು ಅರ್ಧ ಮಂದಿ ತಬ್ಬಿಬ್ಬಾಗುತ್ತಾರೆ. ‘ಶನಿವಾರ ರಾತ್ರಿ 11.55ಕ್ಕೆ’ ಎಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಅಂಕಿಗೆ ಪ್ರತ್ಯಯ ಹಚ್ಚುವುದು

ಅತಿ ಹೆಚ್ಚು ತಪ್ಪುಗಳು ನನಗೆ ಕಾಣುವುದು ಇಲ್ಲಿಯೇ. ನಿಯಮ ಸರಳ: ಅಂಕಿಯನ್ನು ಮನಸ್ಸಿನಲ್ಲಿ ಅಕ್ಷರವಾಗಿ ಓದಿ, ಕೊನೆಯ ಸ್ವರ ಯಾವುದೆಂದು ಕೇಳಿಸಿಕೊಳ್ಳಿ, ಅದಕ್ಕೆ ಹೊಂದುವ ಪ್ರತ್ಯಯವನ್ನು ಹಚ್ಚಿ.

ಒಂದು, ಐದು, ಹತ್ತು, ನೂರು, ಇವೆಲ್ಲ ಉಕಾರಕ್ಕೆ ಮುಗಿಯುತ್ತವೆ. ಆದ್ದರಿಂದ 5ರಲ್ಲಿ, 10ಕ್ಕೆ, 100ರಿಂದ, 25ರ, 12ನ್ನು. ಸಾವಿರ, ಲಕ್ಷ ಅಕಾರಕ್ಕೆ ಮುಗಿಯುತ್ತವೆ: ಸಾವಿರದಲ್ಲಿ, ಲಕ್ಷದಿಂದ. ಹಾಗಾಗಿ ‘5,000ರಲ್ಲಿ’ ಎಂದು ಬರೆದದ್ದನ್ನು ಜೋರಾಗಿ ಓದಿದರೆ ‘ಐದು ಸಾವಿರರಲ್ಲಿ’ ಆಗಿಬಿಡುತ್ತದೆ. ‘5,000ದಲ್ಲಿ’ ಎಂದರೆ ವ್ಯಾಕರಣಕ್ಕೆ ಸರಿ, ಆದರೆ ಕಣ್ಣಿಗೆ ಒರಟು. ಪ್ರತ್ಯಯವನ್ನು ಹೆಸರಿಗೆ ದಾಟಿಸಿಬಿಡುವುದು ಒಳ್ಳೆಯದು: ‘5,000 ರೂಪಾಯಿಯಲ್ಲಿ’. ಇಸವಿಗೂ ಇದೇ ಉಪಾಯ: ‘1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು’ ಎಂಬುದು ಸರಾಗ. ಆದರೆ 2000ಕ್ಕೆ ಬಂದಾಗ ‘2000ನೇ ಇಸವಿಯಲ್ಲಿ’ ಎಂದುಬಿಡಿ.

ಕೋಟಿ ಇಕಾರಕ್ಕೆ ಮುಗಿಯುವುದರಿಂದ ‘3 ಕೋಟಿಯ’, ‘3 ಕೋಟಿಗೆ’.

ಅಂಕಿಗೂ ಪ್ರತ್ಯಯಕ್ಕೂ ನಡುವೆ ಜಾಗ ಬಿಡಬೇಡಿ. ‘2 ನೇ’, ‘10 ಕ್ಕೆ’ ಎಂದು ಟೈಪ್ ಮಾಡಿದರೆ ಪುಟ ವಿನ್ಯಾಸದಲ್ಲಿ ಅಂಕಿ ಸಾಲಿನ ತುದಿಯಲ್ಲಿ ಉಳಿದು, ‘ನೇ’ ಒಂದೇ ಕೆಳಸಾಲಿಗೆ ಇಳಿಯುತ್ತದೆ. 2ನೇ, 10ಕ್ಕೆ ಎಂದು ಕೂಡಿಸಿ ಬರೆಯಿರಿ. ‘ಎರಡನೆಯ’, ‘ಎರಡನೇ’ ಎರಡೂ ಬಳಕೆಯಲ್ಲಿವೆ. ಅಕ್ಷರದಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಅಂಕಿಯ ಜೊತೆ ಚಿಕ್ಕದಾದ ‘ನೇ’ ಸಾಕು. ‘1ನೇ ತರಗತಿ’ ಸರಿ. ಆದರೆ ‘1ನೇ ಸಲ ಗೋಕಾಕ ಜಲಪಾತ ಕಂಡೆ’ ಎಂದರೆ ಕೇಳಲಾಗದು, ಅಲ್ಲಿ ‘ಮೊದಲ ಸಲ’.

ಎರಡು ಸಂಖ್ಯೆ ಪಕ್ಕಪಕ್ಕ ಬಂದರೆ

‘15 50 ಕೆ.ಜಿ. ಚೀಲ’ ಎಂದು ಬರೆದರೆ ಒಂದು ಸಾವಿರದ ಐನೂರೈವತ್ತು ಕಿಲೋ ಎಂದು ಓದುವವರೂ ಇರುತ್ತಾರೆ. ಅಳತೆಯನ್ನು ಅಂಕಿಯಲ್ಲಿಟ್ಟು ಎಣಿಕೆಯನ್ನು ಅಕ್ಷರಕ್ಕೆ ತನ್ನಿ: ‘50 ಕೆ.ಜಿ.ಯ ಹದಿನೈದು ಚೀಲ’.

ವಾಕ್ಯವನ್ನು ಅಂಕಿಯಿಂದ ಆರಂಭಿಸಬಾರದು ಎಂಬ ನಿಯಮ ಇಂಗ್ಲಿಷಿನದು. ಅಲ್ಲಿ ವಾಕ್ಯದ ಮೊದಲಿಗೆ ದೊಡ್ಡಕ್ಷರ ಬೇಕು, ಅಂಕಿಗೆ ದೊಡ್ಡಕ್ಷರ ಇಲ್ಲ. ಕನ್ನಡಕ್ಕೆ ಆ ತೊಂದರೆಯೇ ಇಲ್ಲ, ‘1924ರಲ್ಲಿ…’ ಎಂದು ಧಾರಾಳವಾಗಿ ಆರಂಭಿಸಬಹುದು. ಹಿಂದಿನ ವಾಕ್ಯ ಅಂಕಿಯಿಂದ ಮುಗಿದಿದ್ದರೆ ಮಾತ್ರ ಎಚ್ಚರ: ‘ಉಳಿದವರು 12. 1924ರಲ್ಲಿ…’ ಎಂಬುದು ಅಚ್ಚಿನಲ್ಲಿ 12.1924 ಆಗಿಬಿಡುತ್ತದೆ. ಎರಡರಲ್ಲಿ ಒಂದು ವಾಕ್ಯವನ್ನು ತಿರುಗಿಸಿ ಬರೆಯಿರಿ.

ಕಾಲು, ಅರ್ಧ, ಮುಕ್ಕಾಲು ಮತ್ತು ಹೊಲದ ಲೆಕ್ಕ

ಮಾತಿನಲ್ಲಿ ನಾವು ‘1.5 ತಾಸು’ ಎನ್ನುವುದಿಲ್ಲ. ಒಂದೂವರೆ ತಾಸು ಅಥವಾ ದೀಡ ತಾಸು ಎನ್ನುತ್ತೇವೆ. ಸಂತೆಯಲ್ಲಿ ಕೇಳುವುದು ಪಾವ (ಕಾಲು) ಕಿಲೋ, ಅರ್ಧ ಕಿಲೋ. ಗದ್ಯದಲ್ಲಿ ಇವನ್ನು ಅಕ್ಷರದಲ್ಲೇ ಬರೆಯಿರಿ: ಎರಡೂವರೆ ಲಕ್ಷ, ಮುಕ್ಕಾಲು ಭಾಗ. ಪಟ್ಟಿಯಲ್ಲಿ, ಬಿಲ್ಲಿನಲ್ಲಿ 0.250, 1.5 ಇರಲಿ.

ಹೊಲದ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳ ಇದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಕರೆ, ಗುಂಟೆ ಒಂದರ ಪಕ್ಕ ಒಂದು ಬರುತ್ತವೆ. ಒಂದು ಎಕರೆಗೆ 40 ಗುಂಟೆ. 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆ, ಅಂದರೆ ನೂರು ಗುಂಟೆ. ಅದನ್ನೇ ವರದಿಯಲ್ಲಿ ‘2.20 ಎಕರೆ’ ಎಂದು ಬರೆದರೆ, ದಶಮಾಂಶವೆಂದು ಓದಿದವರಿಗೆ ಅದು 88 ಗುಂಟೆ. ಒಂದು ಚುಕ್ಕೆಗೆ 12 ಗುಂಟೆ ಹೊಲ ಹೋಯಿತು. ಪಾಲುಪಟ್ಟಿ, ಭೂಪರಿಹಾರದ ಅರ್ಜಿ, ಪತ್ರಿಕೆಯ ವರದಿ, ಎಲ್ಲೇ ಆಗಲಿ ‘2 ಎಕರೆ 20 ಗುಂಟೆ’ ಎಂದು ಪೂರ್ತಿ ಬರೆಯಿರಿ.

ದೊಡ್ಡ ಸಂಖ್ಯೆಗಳು

ಅಲ್ಪವಿರಾಮವನ್ನು ನಮ್ಮ ಕ್ರಮದಲ್ಲೇ ಹಾಕಿ: 1,25,000 ಮತ್ತು 3,40,00,000. ಇಂಗ್ಲಿಷ್ ವರದಿಯಿಂದ ತೆಗೆದುಕೊಂಡಾಗ ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ ಎಂದು ಬದಲಿಸಿಯೇ ಬರೆಯಿರಿ. ಗದ್ಯದಲ್ಲಿ ‘3.4 ಕೋಟಿ ರೂಪಾಯಿ’ ಎಂದರೆ ಸೊನ್ನೆ ಎಣಿಸುವ ಕಷ್ಟ ತಪ್ಪುತ್ತದೆ. ಜಮಾ ಖರ್ಚಿನ ಪಟ್ಟಿಯಲ್ಲಿ ಪೂರ್ತಿ ಅಂಕಿ ಬೇಕೇ ಬೇಕು.

‘ರೂ. 500 ರೂಪಾಯಿ’, ‘ಶೇ 12%’ ಎಂಬ ಜೋಡಿಗಳಲ್ಲಿ ಒಂದನ್ನು ಅಳಿಸಿ.

ಹಣದ ಕಾಗದಪತ್ರ

ಚೆಕ್ಕು, ಖರೀದಿ ಪತ್ರ, ಕೈಗಡದ ಪತ್ರಗಳಲ್ಲಿ ಅಂಕಿ, ಅಕ್ಷರ ಎರಡೂ ಬೇಕು: ‘ರೂ. 2,50,000/- (ಎರಡು ಲಕ್ಷ ಐವತ್ತು ಸಾವಿರ ರೂಪಾಯಿ ಮಾತ್ರ)’. ಅಂಕಿಯ ಮುಂದೆ ಒಂದು ಸೊನ್ನೆ ಸೇರಿಸುವುದು ಸುಲಭ, ಅಕ್ಷರವನ್ನು ತಿದ್ದುವುದು ಕಷ್ಟ. ಕಾನೂನೂ ಅಕ್ಷರದ ಕಡೆಗೇ ಇದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 18ರ ಪ್ರಕಾರ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವ ಮೊತ್ತವೇ ಲೆಕ್ಕಕ್ಕೆ. ಹಾಗಾಗಿ ಅಕ್ಷರದ ಸಾಲನ್ನು ಯಾಂತ್ರಿಕವಾಗಿ ಬರೆಯಬೇಡಿ. ಕೊನೆಯ ‘ಮಾತ್ರ’ವನ್ನು ಬಿಡಬೇಡಿ. ಅದರ ಮುಂದೆ ಯಾರೂ ಏನನ್ನೂ ಸೇರಿಸಲಾಗದಂತೆ ಅದು ಬಾಗಿಲು ಹಾಕುತ್ತದೆ.

ಕನ್ನಡ ಅಂಕಿಯೋ, 1 2 3 ಯೋ?

ಕನ್ನಡ ಅಂಕಿಗಳು ಉಳಿಯಬೇಕು ಎಂಬುದು ನನ್ನ ಗಟ್ಟಿ ನಿಲುವು. ಆಮಂತ್ರಣ, ಕವನ ಸಂಕಲನ, ಅಧ್ಯಾಯಗಳ ಸಂಖ್ಯೆ, ಗೋಡೆ ಫಲಕಗಳಲ್ಲಿ ಅವನ್ನು ಪ್ರೀತಿಯಿಂದ ಬಳಸಿ. ಆದರೆ 1 2 3ನ್ನು ಪರಕೀಯವೆಂದು ದೂಡಬೇಕಿಲ್ಲ. ನಮ್ಮ ಸಂವಿಧಾನದ 343ನೇ ವಿಧಿ ಅವನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಎಂದೇ ಕರೆದಿದೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಅಚ್ಚಾಗುವ ಪತ್ರಿಕೆಗಳಿಗೆ ತಾರೀಖು, ಫೋನ್ ನಂಬರನ್ನು 1 2 3ರಲ್ಲಿ ಕೊಟ್ಟರೆ ಇಬ್ಬರಿಗೂ ಅನುಕೂಲ.

ಕನ್ನಡ ಅಂಕಿ ಟೈಪ್ ಮಾಡುವಾಗ ಎರಡು ಎಚ್ಚರ. ಸೊನ್ನೆ (೦) ಮತ್ತು ಅನುಸ್ವಾರ (ಂ) ನೋಡಲು ಒಂದೇ ಥರ, ಆದರೆ ಕಂಪ್ಯೂಟರಿಗೆ ಬೇರೆ ಬೇರೆ. ಅನುಸ್ವಾರ ಒತ್ತಿ ೧೦ ಎಂದು ಬರೆದಿದ್ದರೆ ಹುಡುಕಿದಾಗ ಸಿಗುವುದಿಲ್ಲ. ಇನ್ನೊಂದು, ೬ ಮತ್ತು ೯ ಚಿಕ್ಕ ಗಾತ್ರದ ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಫೋನ್ ನಂಬರಿಗೆ ಇವು ಬೇಡ. ಫೋನ್ ನಂಬರ್ ಬಿಟ್ಟರೆ, ಒಂದೇ ಪುಟದಲ್ಲಿ ಎರಡೂ ಬಗೆಯ ಅಂಕಿ ಕಲಸುವುದೂ ಬೇಡ.

ಮೈಕಿನಲ್ಲಿ ಓದುವ ಬರಹ

ನಿರೂಪಣೆ, ಭಾಷಣ, ಆಟೋದಲ್ಲಿ ಸಾರುವ ಪ್ರಕಟಣೆಗಳಿಗೆ ಇಲ್ಲಿಯವರೆಗಿನ ಗಡಿಗಳನ್ನೆಲ್ಲ ಮರೆತು, ಎಲ್ಲವನ್ನೂ ಅಕ್ಷರದಲ್ಲಿ ಬರೆದುಕೊಡಿ. 2,35,000 ಕಂಡ ಕೂಡಲೇ ಓದುವವರು ತಡವರಿಸುತ್ತಾರೆ, ‘ಎರಡು ಲಕ್ಷ ಮೂವತ್ತೈದು ಸಾವಿರ’ ನಿಲ್ಲದೆ ಬರುತ್ತದೆ. ಐಹೊಳೆಯ ಮೇಗುಟಿ ಗುಡಿಯ ಶಾಸನದಲ್ಲಿ ರವಿಕೀರ್ತಿ ಶಕವರ್ಷವನ್ನು ಶ್ಲೋಕದೊಳಗೆ ಐವತ್ತು, ಆರು, ಐನೂರು ಎಂದು ಶಬ್ದಗಳಲ್ಲೇ ಹೇಳಿದ್ದಾನೆ. ಕಿವಿಗೆ ಅದೇ ಸರಿ. ಅದೇ ಶಾಸನದ ಬಗ್ಗೆ ನಾವು ಲೇಖನ ಬರೆಯುವಾಗ ಮಾತ್ರ ಕೂಡಿಸಿ ‘ಶಕ 556, ಅಂದರೆ ಕ್ರಿ.ಶ. 634–35’ ಎಂದು ಅಂಕಿಯಲ್ಲಿ ಕೊಡಬೇಕು, ಓದುಗರು ಅದನ್ನು ಬೇರೆ ಇಸವಿಗಳೊಂದಿಗೆ ಹೋಲಿಸುತ್ತಾರೆ.

ಕೊನೆಯ ಹೆಜ್ಜೆ: ಸಂಖ್ಯೆಗಳನ್ನಷ್ಟೇ ಓದುವುದು

ಬರೆದು ಮುಗಿದ ಮೇಲೆ ಉಳಿದದ್ದನ್ನೆಲ್ಲ ಬಿಟ್ಟು ಸಂಖ್ಯೆಗಳನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿ. ಜಾತ್ರಾ ಸಮಿತಿಯ ವರದಿಗಳಲ್ಲಿ ಬರುವಂಥ ಒಂದು ಪ್ಯಾರಾವನ್ನು ಮಾದರಿಗಾಗಿ ಕಟ್ಟಿದ್ದೇನೆ:

‘12 ರಂದು ನಡೆದ ಸಭೆಗೆ 3 ಮಹಿಳೆಯರು ಸೇರಿ 14 ಸದಸ್ಯರು ಹಾಜರಿದ್ದರು. ಸುಮಾರು 1987 ಭಕ್ತರಿಗೆ 2 ಹೊತ್ತು ಪ್ರಸಾದದ ವ್ಯವಸ್ಥೆ ಆಯಿತು. 15 50 ಕೆ.ಜಿ. ಅಕ್ಕಿ ಚೀಲ ಬಳಸಿ ಒಟ್ಟು ರೂ. 86500 ರೂಪಾಯಿ ಖರ್ಚಾಯಿತು.’

ತಿದ್ದಿದ ಮೇಲೆ:

‘12ರಂದು ನಡೆದ ಸಭೆಗೆ ಮೂವರು ಮಹಿಳೆಯರು ಸೇರಿ ಹದಿನಾಲ್ಕು ಮಂದಿ ಸದಸ್ಯರು ಬಂದಿದ್ದರು. ಸುಮಾರು ಎರಡು ಸಾವಿರ ಭಕ್ತರಿಗೆ ಎರಡು ಹೊತ್ತು ಪ್ರಸಾದದ ವ್ಯವಸ್ಥೆ ಆಯಿತು. 50 ಕೆ.ಜಿ.ಯ ಹದಿನೈದು ಚೀಲ ಅಕ್ಕಿ ಬಳಕೆಯಾಯಿತು. ಒಟ್ಟು ಖರ್ಚು 86,500 ರೂಪಾಯಿ.’

‘ಹದಿನಾಲ್ಕು’ ನಮ್ಮ ಗಡಿ ದಾಟಿದ್ದರೂ ಅಕ್ಷರದಲ್ಲಿದೆ, ಅದೇ ವಾಕ್ಯದ ‘ಮೂವರು’ ಅಂಕಿಗೆ ಬರಲಾರದು, ಎರಡೂ ಒಂದೇ ಸಭೆಯ ಮಂದಿ. ‘1987’ ಇಸವಿಯಂತೆ ಕಾಣುತ್ತಿತ್ತು, ಜೊತೆಗೆ ‘ಸುಮಾರು’ ಎಂಬ ಮಾತಿಗೂ ವಿರುದ್ಧವಾಗಿತ್ತು. ಪ್ರಸಾದದ ಚೀಟಿ ಎಣಿಸಿ ಬಂದ ಸಂಖ್ಯೆ ಅದಾಗಿದ್ದರೆ ‘1,987 ಭಕ್ತರು’ ಎಂದು ಅಲ್ಪವಿರಾಮ ಹಾಕಿ, ‘ಸುಮಾರು’ ತೆಗೆದು ಉಳಿಸಿಕೊಳ್ಳಬಹುದು. ಯಾವುದು ನಿಜ ಎಂದು ಪ್ರೂಫ್ ನೋಡುವವರು ಊಹಿಸುವಂತಿಲ್ಲ, ಸಮಿತಿಯವರಿಗೇ ಫೋನ್ ಹಚ್ಚಿ ಕೇಳಬೇಕು.